ನೀಲಿ ಪರದೆಯ ಕೋಣೆ

ನಮ್ಮಣ್ಣ ಹೋಟೆಲುಗಳ ಫೋಟೋ ತೆಗೆಯುವವನು. ಊಟದ ಹೋಟೆಲಲ್ಲ, ತಂಗುವ ಹೋಟೆಲು. ನೀವು ಯಾವುದೋ ಜಾಹೀರಾತಿನಲ್ಲಿ ವಿಶಾಲವಾದ ಕೋಣೆ, ಬೆಳ್ಳಗಿನ ಹಾಸಿಗೆ, ಕಿಟಕಿಯಾಚೆ ನೀರು ಎಲ್ಲ ನೋಡಿ ಮರುಳಾಗಿ, ಮುಂಗಡ ಕಟ್ಟಿ, ಅಲ್ಲಿಗೆ ಹೋದಾಗ ಮಂಚ ಬಿಟ್ಟರೆ ಚಪ್ಪಲಿ ಬಿಡಲೂ ಜಾಗವಿಲ್ಲದ ಗೂಡು ಸಿಕ್ಕಿ, ಫೋಟೋ ತೆಗೆದವನ ವಂಶವನ್ನೆಲ್ಲ ಬೈದಿದ್ದರೆ, ಆ ಬೈಗುಳದಲ್ಲಿ ನನಗೂ ಒಂದು ಪಾಲು ಬಂದಿದೆ. ನಾನು ಅವನ ಒಡಹುಟ್ಟಿದ ತಂಗಿ.

ಅವನ ಕೆಲಸವನ್ನು ಒಂದೆರಡು ಸಲ ಕಣ್ಣಾರೆ ಕಂಡಿದ್ದೇನೆ. ಕೋಣೆಯ ಮೂಲೆಗೆ ಬೆನ್ನು ಆನಿಸಿ ಕುಕ್ಕರುಗಾಲಲ್ಲಿ ಕೂರುತ್ತಾನೆ. ಅಲ್ಲೂ ಸಾಲದಿದ್ದರೆ ಬಚ್ಚಲೊಳಗೆ ಹಿಮ್ಮೆಟ್ಟಿ, ಕಮೋಡಿನ ಮೇಲೆ ಹತ್ತಿ ನಿಂತು ಕ್ಯಾಮೆರಾ ಹಿಡಿಯುತ್ತಾನೆ. ನಾಲ್ಕು ಹೆಜ್ಜೆಯ ಕೋಣೆ ಆಗ ಮದುವೆ ಛತ್ರದಂತೆ ಕಾಣುತ್ತದೆ. ಅವನ ಕಾರಿನ ಡಿಕ್ಕಿಯೇ ಅರ್ಧ ಹೋಟೆಲು: ಇಸ್ತ್ರಿ ಮಾಡಿದ ಬಿಳಿ ಹಾಸು, ದಪ್ಪ ಟವೆಲು, ಮೇಜಿನ ದೀಪ, ಪರದೆಗಳು, ಪ್ಲಾಸ್ಟಿಕ್ ಹಣ್ಣಿನ ಬುಟ್ಟಿ. ದಿಂಬನ್ನು ಮಾತ್ರ ಬೇರೆಯವರ ಕೈಗೆ ಕೊಡುವುದಿಲ್ಲ; ತಾನೇ ಗುದ್ದಿ ಗುದ್ದಿ ಉಬ್ಬಿಸಿ ನಿಲ್ಲಿಸುತ್ತಾನೆ. ಹಾಗಾಗಿ ಹೋಟೆಲಿನ ಕೆಲಸದವರ ಬಾಯಲ್ಲಿ ಅವನು ದಿಂಬಿನಣ್ಣ. "ಜನರ ಕಣ್ಣಿಗೆ ಮಣ್ಣೆರಚ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದು ಕೇಳಿದರೆ, "ಮದುವೆ ಫೋಟೋದಲ್ಲಿ ಎಲ್ಲರೂ ನಗ್ತಾರೆ. ಅದನ್ನ ಯಾರಾದ್ರೂ ಮೋಸ ಅಂತಾರಾ?" ಎನ್ನುತ್ತಾನೆ.

ಕೆಲಸ ಮುಗಿದ ಮೇಲೆ ಎಲ್ಲವನ್ನೂ ಮಡಚಿ ಡಿಕ್ಕಿಗೆ ತುಂಬಿ, ಅದೇ ಕೋಣೆಯಲ್ಲಿ ಹೋಟೆಲಿನವರ ಕಲೆಬಿದ್ದ ಹಾಸಿನ ಮೇಲೆ ಒಬ್ಬನೇ ಮಲಗುತ್ತಾನೆ. ಒಂದು ರಾತ್ರಿ ಉಳಿಯುವುದು ಪುಕ್ಕಟೆ. ಮರುದಿನ ಇನ್ನೊಂದು ಊರು, ಇನ್ನೊಂದು ಕೋಣೆ. ಅವನ ಅರ್ಧಕ್ಕಿಂತ ಹೆಚ್ಚು ಆಯಸ್ಸು ಹೀಗೇ ಹೋಯಿತು.

ಹಾಗಂತ ಅವನಿಗೆ ಸಂಸಾರ ಇರಲಿಲ್ಲ ಎಂದಲ್ಲ. ಅತ್ತಿಗೆ ಇದ್ದರು, ಮಗಳಿದ್ದಳು. ಮನೆಗೆ ಬಂದರೆ ಮಾತ್ರ ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ. ಎರಡನೆಯ ದಿನಕ್ಕೇ ಕಣ್ಣು ಬಾಗಿಲ ಕಡೆ ಓಡುತ್ತಿತ್ತು. ಅತ್ತಿಗೆಯಾದರೂ ಎಷ್ಟಂತ ಸಹಿಸಿಯಾರು? ಮಗಳು ಇನ್ನೂ ಸಣ್ಣವಳಿದ್ದಾಗಲೇ ಅವಳ ಕೈಹಿಡಿದುಕೊಂಡು ತವರಿಗೆ ಹೋದವರು ತಿರುಗಿ ಬರಲಿಲ್ಲ. ಈಗ ಅವರೂ ಇಲ್ಲ. ಅಣ್ಣ ಮಗಳಿಗೆ ಆಗಾಗ ತಾನು ತೆಗೆದ ಕೋಣೆಗಳ ಫೋಟೋಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದ. ಹಿಂದುಗಡೆ ಒಂದೇ ಸಾಲು: ಮುಂದಿನ ರಜೆಗೆ ನಿನ್ನನ್ನು ಇಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ರಜೆಗಳು ಬಂದವು, ಹೋದವು. ಹುಡುಗಿ ಬೆಳೆದು, ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಕೆಲಸ ಕಲಿತು, ದೂರದ ಊರಿನಲ್ಲಿ ಒಬ್ಬಳೇ ಮನೆ ಮಾಡಿಕೊಂಡಳು. ಇವನು ಫೋನ್ ಮಾಡಿದರೆ ಹ್ಞೂಂ, ಉಹ್ಞೂಂ, ಸರಿ. ಅದರಾಚೆಗೆ ಮಾತಿಲ್ಲ.

ಅಂಥವಳು ಒಂದು ದಿನ ತಾನಾಗಿ ಫೋನ್ ಮಾಡಿ, "ಎರಡು ದಿನ ರಜೆ ಇದೆ ಅಪ್ಪಾ. ಆ ನೀಲಿ ಪರದೆ ಕೋಣೆಗೆ ಹೋಗೋಣ್ವಾ? ಕೆರೆ ಕಾಣೋದು. ನನ್ನ ಮಂಚದ ಎದುರು ಗೋಡೆಗೆ ಅದನ್ನೇ ಅಂಟಿಸ್ಕೊಂಡಿದ್ದೆ" ಎಂದಳಂತೆ. ಅಣ್ಣ ಎದ್ದೆನೋ ಬಿದ್ದೆನೋ ಎಂದು ನನ್ನ ಮನೆಗೆ ಓಡಿ ಬಂದ.

"ನೀನೂ ಬಾರೇ. ನಾವಿಬ್ರೇ ಇದ್ರೆ ಮಾತೇ ಹೊರಡಲ್ಲ. ಎರಡು ದಿನ ಹೇಗಾದ್ರೂ ಚೆನ್ನಾಗಿ ಕಳೆದುಹೋದ್ರೆ, ಮನೆಗೆ ಬಾರಮ್ಮಾ ಅಂತ ಕರೀಬೇಕು. ಇದು ಕೆಟ್ರೆ ಅವಳು ಇನ್ಮೇಲೆ ನನ್ನ ಫೋನೂ ಎತ್ತಲ್ಲ."

"ಆ ಹೋಟ್ಲು ನಿಜವಾಗ್ಲೂ ಚೆನ್ನಾಗಿದೆಯಾ ಅಣ್ಣಾ?" ಎಂದೆ.

"ಬೇರೆಯದೆಲ್ಲ ಓಳು. ಅದೊಂದು ನಿಜ ಕಣೇ. ಅಷ್ಟು ಒಳ್ಳೇ ಕೋಣೆ ನಾನು ಇನ್ನೊಂದು ಕಂಡಿಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಆ ಕೋಣೆಯಲ್ಲಿ ಮಲಗಿದ್ದು ಒಂದು ರಾತ್ರಿ. ಅದರ ಫೋಟೋವನ್ನು ಹೊಸ ಹೊಸ ಹೋಟೆಲಿನವರಿಗೆ ತೋರಿಸಿಕೊಂಡು ತಿರುಗಿದ್ದು ವರ್ಷಗಟ್ಟಲೆ. ಕೋಣೆ ಮರೆತುಹೋಗಿ ಫೋಟೋ ಮಾತ್ರ ತಲೆಯಲ್ಲಿ ಉಳಿದಿತ್ತು. ಊರಿಗೆಲ್ಲ ಟೋಪಿ ಹಾಕಿದವನು, ತಾನೇ ಹೊಲಿದ ಟೋಪಿಯನ್ನು ತಲೆಗೆ ಹಾಕಿಕೊಂಡು, ನನಗೂ ಮಗಳಿಗೂ ಆ ಕೋಣೆ, ತನಗೆ ಪಕ್ಕದ ಕೋಣೆ ಎಂದು ಮುಂಗಡ ಕಟ್ಟಿದ.

ನಾವು ಹೋಗುವ ಹೊತ್ತಿಗೆ ಅಣ್ಣನ ಮಗಳು ಬಂದು ಕೂತಿದ್ದಳು. ಹೋಟೆಲಿನ ಬಾಗಿಲ ಬಳಿಯ ಬೆಂಚಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ. ನನ್ನನ್ನು ಅಪ್ಪಿಕೊಂಡಳು. ಅಪ್ಪನಿಗೆ, "ಚೆನ್ನಾಗಿದೀರಾ?" ಎಂದಳು. ಸಣ್ಣವಳಿದ್ದಾಗ ನೀನು ತಾನು ಎಂದು ಹೆಗಲೇರುತ್ತಿದ್ದವಳ ಬಾಯಲ್ಲಿ ಆ ಬಹುವಚನ ನನಗೇ ಚುಚ್ಚಿತು, ಅವನಿಗೆ ಹೇಗಾಗಿರಬೇಡ?

ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಕಿಟಕಿಯಿಂದ ಹಿತ್ತಲು ಕಂಡಿತು. ಈಜುಕೊಳ ಇರಲಿಲ್ಲ ಎನ್ನಲಾಗದು, ಇತ್ತು. ನೀರಿನ ಬದಲು ಅದರ ತುಂಬ ಮುರಿದ ಕುರ್ಚಿಗಳನ್ನು ಪೇರಿಸಿದ್ದರು. ಅಣ್ಣ ಅದು ಮಗಳ ಕಣ್ಣಿಗೆ ಬೀಳದಿರಲಿ ಎಂದು ಕಿಟಕಿಗೆ ಅಡ್ಡ ನಿಂತು, "ಹುಷಾರು, ಮೆಟ್ಟಿಲು ಜಾರುತ್ತೆ" ಎಂದ. ಮೆಟ್ಟಿಲು ಒಣಗಿ ಖಡಖಡ ಎನ್ನುತ್ತಿತ್ತು.

ಕೋಣೆಯ ಬಾಗಿಲು ತೆಗೆದರೆ ಹಳೆ ಟ್ರಂಕಿನ ವಾಸನೆ. ಪರದೆ ಕಂದು ಬಣ್ಣದ್ದು, ಅರ್ಧ ಕೊಕ್ಕೆ ಕಳಚಿ ಜೋತುಬಿದ್ದಿತ್ತು. ಬಚ್ಚಲಲ್ಲಿ ಹೆಸರಿಗೆ ತೊಟ್ಟಿಯಿತ್ತು, ಅದರೊಳಗೆ ಸುತ್ತಿಟ್ಟ ಹಳೆ ಹಾಸಿಗೆಗಳು ಮಲಗಿದ್ದವು. ಬಾಲ್ಕನಿಯಲ್ಲಿ ಒಂದು ಕುರ್ಚಿ. ಅದರಲ್ಲಿ ಕೂತು ಕಾಲು ಚಾಚಿದರೆ ಎದುರು ಕಟ್ಟಡದ ಗೋಡೆಗೆ ತಗಲುತ್ತದೆಯೇನೋ ಎನ್ನುವಷ್ಟು ಹತ್ತಿರ. ಕೆರೆ ಎಲ್ಲಿ? ಅಣ್ಣ ಬಗ್ಗಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಯಾರೋ ಕದ್ದುಕೊಂಡು ಹೋಗಿದ್ದಾರೆ ಎನ್ನುವ ಹಾಗಿತ್ತು ಅವನ ಮುಖ.

ಮ್ಯಾನೇಜರನ್ನು ಕೂಗಿ ಕರೆದ. ವಯಸ್ಸಾದ ಮನುಷ್ಯ, ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಂಡಿದ್ದ.

"ಏನ್ರೀ ಇದು ಮೋಸ? ಜಾಹೀರಾತಲ್ಲಿ ತೋರ್ಸೋದೊಂದು, ಇಲ್ಲಿರೋದೊಂದು! ನನ್ನ ಮಗಳು ಎಷ್ಟು ದೂರದಿಂದ ಬಂದಿದಾಳೆ ಗೊತ್ತಾ? ನೀಲಿ ಪರದೆ ಎಲ್ಲಿ? ದೀಪ ಎಲ್ಲಿ? ಕೆರೆ ಎಲ್ಲಿ?"

ಮ್ಯಾನೇಜರ್ ಕನ್ನಡಕ ಮೇಲಕ್ಕೆ ತಳ್ಳಿ ಅವನ ಮುಖವನ್ನೇ ನೋಡಿದ. "ಸಾರ್, ನೀವು ದಿಂಬಿನಣ್ಣ ಅಲ್ವಾ?"

ಅಣ್ಣ ಜೋತುಬಿದ್ದ ಪರದೆಯ ಕಡೆ ತಿರುಗಿದ.

"ಪರದೆ, ದೀಪ ಎರಡೂ ನಿಮ್ಮವೇ ಸಾರ್. ಫೋಟೋ ಆದ್ಮೇಲೆ ನೀವೇ ಮಡಚಿ ತಗೊಂಡು ಹೋದ್ರಿ. ಕೆರೆ ಇದೆ. ತಾರಸಿಯಲ್ಲಿ ನೀರಿನ ಟ್ಯಾಂಕ್ ಹತ್ತಿದ್ರೆ ಕಾಣುತ್ತೆ. ನೀವೂ ಅಲ್ಲೇ ಹತ್ತಿ ತೆಗೆದು, ಆಮೇಲೆ ಆ ಕೆರೇನ ಕೋಣೆ ಫೋಟೋದ ಕಿಟಕಿಗೆ ಸೇರ್ಸಿದ್ರಿ. ಹತ್ತೋವಾಗ ಏಣಿ ಹಿಡ್ಕೊಂಡಿದ್ದೇ ನಾನು." ವ್ಯಂಗ್ಯವಲ್ಲ, ಹಳೆಯ ಪರಿಚಯದವರು ಸಿಕ್ಕಿದ ಖುಷಿಯಲ್ಲೇ ಹೇಳಿದ. "ಟೀ ಕಳಿಸ್ಲಾ ಸಾರ್?"

ಬೇರೆ ಹೊತ್ತಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮಗಳ ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಅಣ್ಣ ಮಂಚದ ಮೇಲೆ ಕುಸಿದು ಕೂತ. ಏನು ಮಾಡುವುದೆಂದು ತೋಚದೆ ದಿಂಬು ಎಳೆದುಕೊಂಡು ಗುದ್ದತೊಡಗಿದ. ಆ ದಿಂಬಿನಲ್ಲಿ ಉಬ್ಬುವಂಥದ್ದೇನೂ ಉಳಿದಿರಲಿಲ್ಲ.

ಸಂಜೆ ಟೀ ಬಂತು. ಅಣ್ಣ ಒಂದೇ ಕುರ್ಚಿಯನ್ನು ಮಗಳಿಗೆ ಬಿಟ್ಟು ತಾನು ಬಾಲ್ಕನಿಯ ಕಂಬಿಗೆ ಒರಗಿದ. ನಾನು ಹೊಸ್ತಿಲ ಮೇಲೆ ಕೂತೆ. ಎದುರು ಗೋಡೆಯ ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಗಳು ಅದನ್ನೇ ನೋಡುತ್ತಾ ಹೇಳಿದಳು:

"ಒಂದು ಕೇಳ್ಬೇಕಿತ್ತು. ಅದಕ್ಕೇ ಈ ಕೋಣೆ ಅಂದೆ. ಫೋಟೋದಲ್ಲಿ ಈ ಬಾಲ್ಕನಿಯಲ್ಲಿ ಎರಡು ಕುರ್ಚಿ ಇದ್ವು, ಎರಡು ಕಪ್ ಇದ್ವು. ನಿಮ್ಮ ಜೊತೆ ಯಾರಿದ್ರು?"

"ಯಾರು?" ಎಂದ ಅಣ್ಣ.

"ನೀವು ಕಳಿಸಿದ ಎಲ್ಲ ಫೋಟೋದಲ್ಲೂ ಎರಡೆರಡು ಕಪ್. ಇದರಲ್ಲಿ ಮಂಚದ ಪಕ್ಕ ಕೆಂಪು ಚಪ್ಪಲಿ ಬೇರೆ. ಪುಟ್ಟದು, ನನಗಿಂತ ಚಿಕ್ಕ ಹುಡುಗೀದು. ನಿಮಗೆ ಇನ್ನೊಂದು ಮನೆ ಇದೆ, ಅಲ್ಲೊಬ್ಳು ಮಗಳಿದಾಳೆ, ಎಲ್ಲಾ ಕೋಣೆಗೂ ಅವಳನ್ನೇ ಕರ್ಕೊಂಡು ಹೋಗ್ತೀರಿ ಅಂದ್ಕೊಂಡಿದ್ದೆ. ದಿನಾ ಆ ಚಪ್ಪಲಿ ನೋಡ್ತಾನೇ ಮಲಗ್ತಿದ್ದೆ. ಅಮ್ಮನ್ನ ಕೇಳಿದ್ರೆ ಅಮ್ಮ ಆಚೆ ತಿರುಗ್ಕೊಳ್ಳೋರು."

ಅಣ್ಣ ಕೈಯಲ್ಲಿದ್ದ ಟೀಯನ್ನು ಕೆಳಗಿಟ್ಟ.

"ಅಯ್ಯೋ, ಯಾರೂ ಇರ್ಲಿಲ್ಲ ಪುಟ್ಟೀ. ಒಂದೇ ಕಪ್ ಇಟ್ರೆ ಫೋಟೋ ಬಿಕೋ ಅನ್ನುತ್ತೆ. ಯಾರಿಗೂ ಅಲ್ಲಿಗೆ ಹೋಗ್ಬೇಕು ಅನ್ಸಲ್ಲ. ಅದಕ್ಕೇ ನಮ್ಮ ಕೆಲಸದಲ್ಲಿ ಎಲ್ಲಾರೂ ಎರಡಿಡ್ತಾರೆ. ಫೋಟೋ ಆದ್ಮೇಲೆ ಎರಡು ಕಪ್ಪೂ ನಾನೇ ಕುಡೀತಿದ್ದೆ."

"ಚಪ್ಪಲಿ?"

"ಅದು ನಿಂದೇ. ನಿನಗೇ ಅಂತ ತಗೊಂಡಿದ್ದೆ. ನಾನು ಮನೆಗೆ ಬರೋ ಹೊತ್ತಿಗೆ ನಿನ್ನ ಕಾಲಿಗೆ ಸಣ್ಣದಾಗಿಬಿಟ್ಟಿತ್ತು. ಬಿಸಾಡೋಕೆ ಮನಸ್ಸು ಬರ್ಲಿಲ್ಲ. ಡಿಕ್ಕಿಯಲ್ಲೇ ಇಟ್ಕೊಂಡೆ."

ಸರಿ, ಎಲ್ಲ ಬಗೆಹರಿಯಿತು ಎಂದುಕೊಂಡೆ ನಾನು. ಇನ್ನೇನು ಮಗಳು ಎದ್ದು ಅಪ್ಪನ ಹೆಗಲಿಗೆ ಒರಗಿ ಅಳುತ್ತಾಳೆ, ನಾನೂ ಅತ್ತುಬಿಡುತ್ತೇನೆ ಎಂದು ಸೆರಗು ಕೈಗೆ ತೆಗೆದುಕೊಂಡೇ ಕೂತಿದ್ದೆ. ನನ್ನ ಪೆದ್ದುತನ. ಅವಳು ಅಳಲಿಲ್ಲ.

"ಯಾರಾದ್ರೂ ಇದ್ದಿದ್ರೇ ಚೆನ್ನಾಗಿತ್ತು" ಎಂದಳು. "ಬೇರೆಯವರಿದಾರೆ, ಅದಕ್ಕೇ ಬರಲ್ಲ ಅಂತ ಒಂದು ಸಮಾಧಾನ ಆದ್ರೂ ಇತ್ತು. ಯಾರೂ ಇರ್ಲಿಲ್ಲ. ಎರಡು ಕಪ್ಪೂ ನೀನೊಬ್ಬನೇ ಕೂತು ಕುಡಿದೆ. ಆದ್ರೂ ನೀನು ಮನೆಗೆ ಬರ್ಲಿಲ್ಲ. ಯಾಕಪ್ಪಾ?"

ನಮ್ಮಣ್ಣ ಮಾತಿನಲ್ಲಿ ಮನೆ ಕಟ್ಟುವವನು. ಹೋಟೆಲಿನ ಮಾಲೀಕರನ್ನು ನಿಂತ ನಿಲುವಿನಲ್ಲಿ ಒಪ್ಪಿಸುವವನು.

"ಹೆದರಿಕೆ ಆಗ್ತಿತ್ತು" ಎಂದ ಕೊನೆಗೆ. "ಮನೆಗೆ ಬಂದ್ರೆ ನೀವಿಬ್ರೂ ನನ್ನ ಮುಖ ನೋಡ್ತಾ ಕೂರ್ತಿದ್ರಿ. ಏನು ಮಾತಾಡ್ಬೇಕು, ಎಲ್ಲಿ ಕೂರ್ಬೇಕು ಒಂದೂ ಗೊತ್ತಾಗ್ತಿರ್ಲಿಲ್ಲ. ನಾಳೆ ಹೋಗೋಣ, ನಾಡಿದ್ದು ಹೋಗೋಣ ಅಂತ..."

ಅವಳು ಮುಂದೆ ಕೇಳಿಸಿಕೊಳ್ಳದೆ ಎದ್ದು ಒಳಗೆ ಹೋಗಿ, ಗೋಡೆ ಕಡೆ ತಿರುಗಿ ಮಲಗಿದಳು. ನಿದ್ದೆ ಮಾಡಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳ ಚೀಲ ತಯಾರಾಗಿತ್ತು. ಇನ್ನೊಂದು ದಿನ ಇರಬಹುದಿತ್ತು. ನಾನು ಒತ್ತಾಯ ಮಾಡಲಿಲ್ಲ.

ಬಸ್ ನಿಲ್ದಾಣದವರೆಗೂ ಮೂವರೂ ನಡೆದೇ ಹೋದೆವು. ಅವಳು ಬಸ್ಸು ಹತ್ತುವಾಗ ಅಣ್ಣ ಧೈರ್ಯ ಮಾಡಿ, "ಒಂದ್ಸಲ ಮನೆಗೆ ಬಾರಮ್ಮಾ" ಎಂದ.

"ನಾನು ಬರಲ್ಲ. ನೀನು ಬಾ" ಎಂದಳು ಅವಳು. "ನನ್ನ ಮನೇಲಿ ಇನ್ನೊಂದು ಮಂಚ ಹಾಕೋಷ್ಟು ಜಾಗ ಇದೆ."

ಅಂಥ ಮಾತಿಗೆ ನಮ್ಮಣ್ಣ ಕೊಟ್ಟ ಉತ್ತರ ಕೇಳಿ. "ಎಷ್ಟು ದಿನಕ್ಕೆ?" ಎಂದ! ಕೌಂಟರಿನ ಮುಂದೆ ನಿಂತು ಕೇಳುವ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಅವನ ಮುಖವನ್ನು ಒಂದು ಕ್ಷಣ ನೋಡಿ, "ಬಾ ಅಂದ್ರೆ ಬಾ ಅಪ್ಪಾ, ಅಷ್ಟೇ" ಎಂದು ಒಳಗೆ ಹೋಗಿ ಕೂತಳು.

ಆಮೇಲೆ ಅವನು ಹೊರಡಲು ಮಾಡಿದ ತಡವನ್ನು ಹೇಳಿದರೆ ನಿಮಗೂ ತಲೆಕೆಡುತ್ತದೆ. ಒಂದು ಸಲ ಕಾರು ಕೆಟ್ಟಿತ್ತು. ಒಂದು ಸಲ ಸೊಂಟ ಹಿಡಿದಿತ್ತು. ಒಂದು ಸಲ ಯಾವುದೋ ಹೋಟೆಲಿನವರು ಬಿಡಲೇ ಇಲ್ಲವಂತೆ. ನಾನು ಬಾಯಿಗೆ ಬಂದಂತೆ ಬೈದ ಮೇಲೆ, ಹೋದ ವಾರ ಚೀಲ ಹಿಡಿದುಕೊಂಡು ಹೊರಟ. ನಾನೇ ಬಸ್ಸು ಹತ್ತಿಸಿ ಬಂದು ಅವನ ಮಗಳಿಗೆ ಫೋನ್ ಮಾಡಿದೆ. "ಹೌದಾ ಅತ್ತೆ? ಹೊರಟ್ರಾ?" ಎಂದಾಗ ಅವಳ ದನಿಯೇ ಬೇರೆಯಾಗಿತ್ತು. ಮಂಚ ಆಗಲೇ ತಂದಿದ್ದಳಂತೆ.

ಮರುದಿನ ಅವಳೇ ಫೋನ್ ಮಾಡಿದಳು. "ಅತ್ತೆ, ಅಪ್ಪ ಇನ್ನೂ ಬಂದಿಲ್ಲ." ಸಂಜೆ ಮತ್ತೆ, "ಬಂದಿಲ್ಲ ಅತ್ತೆ." ಇವನ ಫೋನಿಗೆ ಮಾಡಿದರೆ ಎತ್ತುವುದಿಲ್ಲ. ಅದರ ಮರುದಿನ, ನಾನು ಇನ್ನೇನು ಪೊಲೀಸರಿಗೆ ಹೇಳೋಣ ಎಂದು ಚಪ್ಪಲಿ ಮೆಟ್ಟುತ್ತಿದ್ದಾಗ ಅವನ ಫೋನ್ ಬಂತು.

"ಎಲ್ಲಿ ಹಾಳಾಗಿ ಹೋಗಿದೀಯಾ?" ಎಂದು ಕಿರುಚಿದೆ.

"ಇಲ್ಲೇ, ಅವಳೂರಲ್ಲೇ. ಲಾಡ್ಜಲ್ಲಿದೀನಿ. ಅವಳ ಮನೆ ಎರಡು ಬೀದಿ ಆಚೆ."

"ಲಾಡ್ಜ್ ಯಾಕೆ ಅಣ್ಣಾ?"

"ಪ್ರಯಾಣ ಮಾಡಿ ಮೈಯೆಲ್ಲ ಧೂಳು. ಸ್ನಾನ ಮಾಡಿ, ಬಟ್ಟೆ ಬದಲಾಯಿಸ್ಕೊಂಡು ಹೋಗೋಣ ಅಂತ. ಬೋರ್ಡಲ್ಲಿ ದಿನವಿಡೀ ಬಿಸಿನೀರು ಅಂತ ಬರ್ಕೊಂಡಿದಾರೆ ಕಣೇ. ನಲ್ಲಿ ತಿರುಗ್ಸಿದ್ರೆ ಬರೀ ತಣ್ಣೀರು. ಮ್ಯಾನೇಜರಿಗೆ ಹೇಳಿದೀನಿ. ನಾಳೆ ಸರಿ ಮಾಡಿಸ್ತಾರಂತೆ. ನಾಳೆ ಸ್ನಾನ ಮಾಡ್ಕೊಂಡು ಖಂಡಿತ..."

ಬೈಯಲು ಬಾಯಿ ತೆರೆದೆ, ಬೈಗುಳ ಬರಲಿಲ್ಲ. ಆ ಲಾಡ್ಜಿನ ಮಂಚದ ತುದಿಯಲ್ಲಿ ನಮ್ಮಣ್ಣ ಚೀಲವನ್ನೂ ಬಿಚ್ಚದೆ ಕೂತಿರುವುದು ಕಣ್ಣಿಗೆ ಕಟ್ಟಿದಂತಾಗಿ ಅಳು ಒತ್ತರಿಸಿ ಬಂತು.

"ಅಣ್ಣಾ" ಎಂದೆ, "ತಣ್ಣೀರಲ್ಲೇ ಸ್ನಾನ ಮಾಡು. ಈಗ್ಲೇ ಮಾಡು. ನೀನು ಹೊರಡೋವರೆಗೂ ನಾನು ಫೋನ್ ಇಡಲ್ಲ."