ದೊಡ್ಡ ಮೇಸ್ತ್ರಿ ಹೇಳಿದ ಬೂದಿ ಬಣ್ಣ

ನಮ್ಮ ತೆಂಗಿನ ತೋಟದ ಶೆಡ್ಡಿನಲ್ಲಿ ನನಗಿಂತ ಏಳು ವರ್ಷ ಚಿಕ್ಕದಾದ ಒಂದು ಟ್ರ್ಯಾಕ್ಟರ್ ಇದೆ. ಇಬ್ಬರಲ್ಲಿ ಯಾರು ಇನ್ನೂ ಗಟ್ಟಿ ಎಂದು ಕೇಳಿದವರಿಗೆ ನಾನು ನನ್ನ ಎದೆಯನ್ನೇ ತಟ್ಟಿ ತೋರಿಸುತ್ತೇನೆ. ಹೋದ ವರ್ಷ ಅದನ್ನು ಮೊದಲು ಬಂದಾಗ ಹೇಗಿತ್ತೋ ಹಾಗೆಯೇ ಮಾಡಿಸಬೇಕೆಂಬ ಹುಚ್ಚು ಹತ್ತಿತು. ಕಿಬ್ಬನಹಳ್ಳಿಯಲ್ಲಿ ಗಾಡಿ ರಿಪೇರಿಯ ಶೆಡ್ಡು ಇಟ್ಟುಕೊಂಡಿರುವ ಮೇಸ್ತ್ರಿಗೆ ಒಪ್ಪಿಸಿದೆ. ಬೇರೆ ಯಾರಿಗೆ ಕೊಡಲಿ? ಈ ಟ್ರ್ಯಾಕ್ಟರ್ ರೈಲಿನಲ್ಲಿ ತಿಪಟೂರಿಗೆ ಬಂದಿಳಿದಾಗ ಮೈ ಬೇರೆ, ಚಕ್ರ ಬೇರೆ ಇತ್ತು. ಅದನ್ನು ಜೋಡಿಸಿ ನಮ್ಮೂರಿಗೆ ಓಡಿಸಿಕೊಂಡು ಬಂದವರು ಇವನ ತಂದೆ. ಅವರನ್ನು ಸುತ್ತಮುತ್ತಲಿನವರೆಲ್ಲ ದೊಡ್ಡ ಮೇಸ್ತ್ರಿ ಎನ್ನುತ್ತಿದ್ದರು.

ದೊಡ್ಡ ಮೇಸ್ತ್ರಿ ತೀರಿಕೊಂಡು ನಾಲ್ಕು ವರ್ಷವಾಯಿತು. ಒಂದಕ್ಷರ ಬರೆದಿಟ್ಟವರಲ್ಲ. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕು, ಯಾವ ವಾಲ್ವಿಗೆ ಎಷ್ಟು ಸಂದು ಬಿಡಬೇಕು, ಎಲ್ಲವೂ ಬಾಯಿಮಾತು. ಮಗ ಆ ಮಾತುಗಳನ್ನೇ ನಂಬಿಕೊಂಡು ಮೂವತ್ತು ವರ್ಷದಿಂದ ಅನ್ನ ತಿನ್ನುತ್ತಿದ್ದಾನೆ.

ಇಂಜಿನ್ ಕೆಲಸ ಮುಗಿಯಿತು. ಮೈಗೆ ಬಣ್ಣವೂ ಆಯಿತು. ಉಳಿದದ್ದು ಚಕ್ರದ ರಿಮ್ಮು. ಅದರ ಮೇಲೆ ಬೆಳ್ಳಿ ಬಣ್ಣ, ಅದರ ಕೆಳಗೆ ಕಪ್ಪು, ಅದಕ್ಕೂ ಕೆಳಗೆ ತುಕ್ಕು. ಮೊದಲ ಬಣ್ಣ ಯಾವುದೆಂದು ಹೇಳುವವರು ಯಾರೂ ಉಳಿದಿರಲಿಲ್ಲ. ನನಗೆ ಎಲ್ಲವೂ ನೆನಪಿದೆ ಎಂದು ಊರೆಲ್ಲ ಹೇಳಿಕೊಂಡು ಓಡಾಡುತ್ತೇನಾದರೂ ಆ ಚಕ್ರದ ಮಟ್ಟಿಗೆ ನೆನಪಿದ್ದದ್ದು ಮಣ್ಣು ಮಾತ್ರ. ತಿಪಟೂರಿನ ಪೇಂಟ್ ಅಂಗಡಿಯವರು, ಮಿರಮಿರ ಮಿಂಚುವ ಬೆಳ್ಳಿ ಹೊಡೆಸಿ ಎಂದರು. ಮೇಸ್ತ್ರಿ ಸುತರಾಂ ಒಪ್ಪಲಿಲ್ಲ.

“ಬೂದಿ ಬಣ್ಣ ಯಜಮಾನ್ರೇ. ಹೊಳಪು ಇರಂಗಿಲ್ಲ. ಒಲೆ ಬೂದಿ ಇರ್ತದಲ್ಲ, ಹಂಗೆ. ನಮ್ಮಬ್ಬಾ ನೂರು ಸಲ ಹೇಳವ್ರೆ.”

“ನಿಮ್ಮಬ್ಬಾ ಹೇಳಿದ್ದೆಲ್ಲಾ ಸರೀನೇನ್ಲಾ?”

“ಗಾಡಿ ವಿಷ್ಯದಲ್ಲಿ ಅವ್ರು ಒಂದೇ ಒಂದು ತಪ್ಪು ಹೇಳಿದ್ರೆ ತೋರ್ಸಿ. ಬೋಲ್ಟ್ ಬಿಚ್ಚೋ ಈ ಪಾನ ಇಲ್ಲೇ ಮಡಗಿ ಮನೇಗೋಗ್ತೀನಿ.”

ಇಂಥ ಮಾತು ಕೇಳಿದ ಮೇಲೆ ನನ್ನಂಥವನು ಸುಮ್ಮನಿರುವುದು ಹೇಗೆ? ಮಾಯಸಂದ್ರದಿಂದ ತುರುವೇಕೆರೆಯವರೆಗೆ ನನ್ನ ಕುಚೇಷ್ಟೆಗೆ ಸಿಗದ ಮನೆಯಿಲ್ಲ. ಒಬ್ಬ ಕೊಬ್ಬರಿ ವ್ಯಾಪಾರಿಯ ಸ್ಕೂಟರಿನ ಅಡಿಗೆ ಕುರಿಯ ಗಂಟೆ ಕಟ್ಟಿ, ಯಾವುದೋ ಕುರಿ ತನ್ನ ಬೆನ್ನು ಹತ್ತಿದೆ ಎಂದು ಆತ ದಾರಿಯಲ್ಲಿ ಐದು ಸಲ ಇಳಿದು ಹುಡುಕುವಂತೆ ಮಾಡಿದವನು ನಾನು. ಇಲ್ಲದ ಕುರಿಯನ್ನು ಇದೆ ಎಂದು ನಂಬಿಸಿದವನಿಗೆ ಇಲ್ಲದ ಬಣ್ಣವೇನು ಮಹಾ!

ತೊಳೆದು ತರುತ್ತೇನೆ ಎಂದು ಹಿಂದಿನ ಒಂದು ಚಕ್ರವನ್ನು ಮನೆಗೆ ಸಾಗಿಸಿದೆ. ಬೆಳ್ಳಿ ಮೊದಲೇ ಉದುರಿದ್ದ ಕಡೆ ಅಂಗೈ ಅಗಲ ಜಾಗವನ್ನು ಕಬ್ಬಿಣ ಕಾಣುವವರೆಗೆ ಕೆರೆದೆ. ಅಲ್ಲಿ ಹಳದಿ ಬಳಿದೆ. ತೆಂಗಿನ ಚಿಪ್ಪಿನ ಕೆಂಡ ಹತ್ತಿರವಿಟ್ಟು ಎರಡು ದಿನ ಒಣಗಿಸಿದೆ. ಅದರ ಮೇಲೆ ಕಪ್ಪು, ಕಪ್ಪಿನ ಮೇಲೆ ತುಕ್ಕಿನ ಪುಡಿ, ಕೊನೆಗೆ ಹಸಿ ತೆಂಗಿನ ಮಟ್ಟೆಯ ರಸ. ಆ ರಸ ಕಬ್ಬಿಣಕ್ಕೆ ತಾಗಿದರೆ ಎಂಥ ಹಳೆಯ ಕಪ್ಪು ಬರುತ್ತದೆಂದು ಕಾಯಿ ಸುಲಿಯುವ ಯಾರನ್ನಾದರೂ ಕೇಳಿ. ಒಣಗಿದ ಮೇಲೆ ಆ ಜಾಗವನ್ನು ನಾನೇ ಹುಡುಕಬೇಕಾಯಿತು. ಅಷ್ಟು ಚೆಂದದ ಕೆಲಸ.

ಚಕ್ರವನ್ನು ಶೆಡ್ಡಿಗೆ ಇಳಿಸಿ, “ಇಲ್ಲೊಂದು ಸ್ವಲ್ಪ ಕೆರೆದು ನೋಡು ಮೇಸ್ತ್ರಿ” ಎಂದೆ. ಅವನು ಕೆರೆದ. ಕಪ್ಪು ಹೋಯಿತು, ಹಳದಿ ಕಾಣಿಸಿತು.

“ಏನ್ಲಾ ಇದು? ನಿಮ್ಮನೆ ಒಲೇಲಿ ಬೂದಿ ಹಳ್ದಿ ಬತ್ತದಾ?” ಎಂದು ನಕ್ಕೆ.

ಕಿರುಚುತ್ತಾನೆ, ಜಗಳಕ್ಕೆ ಬರುತ್ತಾನೆ, ಆಗ ಗುಟ್ಟು ಬಿಟ್ಟುಕೊಡೋಣ ಎಂದು ಕಾಯುತ್ತಿದ್ದೆ. ಅವನು ಬೇರೆ ನಾಲ್ಕು ಕಡೆ ಕೆರೆದ. ಅಲ್ಲಿ ತುಕ್ಕು ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಹಳದಿಯ ಹತ್ತಿರ ಬಂದು ಹೆಬ್ಬೆರಳಿನಿಂದ ಉಜ್ಜಿದ. ಎದ್ದು ಕೈ ತೊಳೆದುಕೊಂಡು, “ಸರಿ ಯಜಮಾನ್ರೇ, ನಾಳೆ ಬನ್ನಿ” ಎಂದ. ಒಂದು ರಾತ್ರಿ ಒದ್ದಾಡಲಿ, ಬೆಳಿಗ್ಗೆ ಹೇಳಿದರೆ ರುಚಿ ಹೆಚ್ಚು ಎಂದುಕೊಂಡು ಬಸ್ಸು ಹತ್ತಿದೆ.

ಬೆಳಿಗ್ಗೆ ಹೋದೆ. ಮುಗಿದಿದ್ದ ಇಂಜಿನ್ನನ್ನು ಮೇಸ್ತ್ರಿ ಪೂರ್ತಿ ಬಿಚ್ಚಿ ಗೋಣಿಚೀಲದ ಮೇಲೆ ಹಾಸಿದ್ದ. ವಾಲ್ವು ಒಂದು ಕಡೆ, ಪಿಸ್ಟನ್ನು ಒಂದು ಕಡೆ.

“ಲೇ, ಏನ್ ಮಾಡಿದ್ಯೋ ಇದು!”

“ಅಬ್ಬಾ ಬಣ್ಣ ತಪ್ಪು ಹೇಳವ್ರೆ ಅಂದ್ಮೇಲೆ ಇನ್ನೇನೇನು ತಪ್ಪು ಹೇಳವ್ರೋ ಯಾರಿಗೊತ್ತು? ಎಲ್ಲಾ ಅವ್ರ ಮಾತಿನ ಮೇಲೇ ಕೂರ್ಸಿದ್ದೆ. ಇದೊಂದೇ ಅಲ್ಲ, ಮೂವತ್ತು ವರ್ಷದಿಂದ ಎಷ್ಟ್ ಜನದ ಗಾಡಿ ಮಾಡ್ಕೊಟ್ಟಿದೀನಿ…” ಅವನು ತಲೆ ಎತ್ತಲಿಲ್ಲ. ಕಣ್ಣು ನೋಡಿದರೆ ನಿದ್ದೆ ಮಾಡಿದ ಹಾಗಿರಲಿಲ್ಲ.

ನನ್ನ ನಗು ಎಲ್ಲಿ ಹೋಯಿತೋ. ಒಂದು ಅಂಗೈ ಹಳದಿ ಬಣ್ಣದಿಂದ ನಾನು ಇವನ ತಂದೆಯ ಮಾತನ್ನೆಲ್ಲ ಸುಳ್ಳು ಮಾಡಿಬಿಟ್ಟಿದ್ದೆ. ಅಲ್ಲೇ ಗೋಣಿಚೀಲದ ಮೇಲೆ ಕುಕ್ಕರಿಸಿ ಎಲ್ಲವನ್ನೂ ಒಪ್ಪಿಕೊಂಡೆ: ಕೆರೆದದ್ದು, ಕೆಂಡ, ಮಟ್ಟೆಯ ರಸ.

ಅವನು ಸಣ್ಣಗೆ ನಕ್ಕ. “ಬುಡಿ ಯಜಮಾನ್ರೇ. ನಂಗೆ ಬ್ಯಾಸ್ರ ಆಗದಂಗೆ ಹಿಂಗೇಳ್ತಿದೀರಿ.”

“ನಮ್ಮವ್ವನಾಣೆ ಕಣ್ಲಾ, ನಾನೇ ಬಳಿದಿದ್ದು!”

“ನಿಮ್ಮವ್ವನಾಣೆ ನೀವು ಎಷ್ಟ್ ಸಲ ಇಟ್ಟಿಲ್ಲ?”

“ಹಳ್ದಿ ಡಬ್ಬ ಮನೇಲದೆ, ತಂದು ತೋರುಸ್ತೀನಿ.”

“ಡಬ್ಬ ಯಾರ ಮನೇಲಿಲ್ಲ?”

ನೋಡಿ ನನ್ನ ಗತಿ. ಸುಳ್ಳು ಹೇಳಿದಾಗಲೆಲ್ಲ ಎರಡು ತಾಲ್ಲೂಕು ನಂಬಿತು. ನಿಜ ಹೇಳಿದರೆ ಒಬ್ಬನೂ ನಂಬಲಿಲ್ಲ. ಆಗ ಹೊಳೆಯಿತು: ಟೈರಿನ ಒಳಗೆ! ಕಾರ್ಖಾನೆಯಲ್ಲಿ ರಿಮ್ಮಿಗೆ ಬಣ್ಣ ಹೊಡೆದ ಮೇಲೆಯೇ ಟೈರು ಕೂರಿಸಿರುತ್ತಾರೆ. ಆಮೇಲೆ ಬಣ್ಣ ಬಳಿದವರು ಹೊರಗಡೆ ಬಳಿದಿರುತ್ತಾರೆಯೇ ಹೊರತು ಒಳಗೆ ಯಾರು ಕೈ ಹಾಕಿರುತ್ತಾರೆ? “ಟೈರ್ ಬಿಚ್ಚು. ಒಳಗಡೆ ನಿಮ್ಮಬ್ಬಾ ಹೇಳಿದ ಬೂದಿ ಬಣ್ಣ ಇಲ್ದಿದ್ರೆ ನನ್ನ ಮೀಸೆ ಬೋಳ್ಸು” ಎಂದೆ.

ಇಬ್ಬರೂ ಹಾರೆ ಹಾಕಿ ಒದ್ದಾಡಿದೆವು. ಟೈರು ರಿಮ್ಮಿಗೆ ತುಕ್ಕಿನಿಂದ ಅಂಟಿಕೊಂಡಿತ್ತು. ಅಂತೂ ಬಿಟ್ಟುಕೊಂಡಿತು. ಟ್ಯೂಬಿನ ಅಡಿಗೆ ಹಾಸಿದ್ದ ರಬ್ಬರ್ ಪಟ್ಟಿ ಎತ್ತಿ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದ. ಗೇಣುದ್ದ ಜಾಗದಲ್ಲಿ ಮೊದಲ ಬಣ್ಣ ನಿನ್ನೆ ಹೊಡೆದಂತೆ ಉಳಿದಿತ್ತು.

ಬೂದಿ ಅಲ್ಲ. ಹಳದಿಯೂ ಅಲ್ಲ. ತಿಳಿ ಹಸಿರು.

ನಾನು ಸುಳ್ಳು ಸುಳ್ಳೇ ತಪ್ಪೆಂದು ತೋರಿಸಿದ್ದ ದೊಡ್ಡ ಮೇಸ್ತ್ರಿಯ ಮಾತು ನಿಜವಾಗಿಯೂ ತಪ್ಪಾಗಿತ್ತು. ಅದನ್ನು ಬಿಚ್ಚಿ ತೋರಿಸಿದವನೂ ನಾನೇ. ಮೇಸ್ತ್ರಿ ಶೆಡ್ಡಿನ ಹಿಂದಿನ ಮನೆಯ ಕಡೆ ತಿರುಗಿ, “ಅಮ್ಮೀ!” ಎಂದು ಕೂಗಿದ.

ದೊಡ್ಡ ಮೇಸ್ತ್ರಿಯ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ಮಗ ತಮ್ಮ ಮನೆಮಾತಿನಲ್ಲಿ ಏನೋ ಕೇಳಿದ. ಆಕೆ ಬಗ್ಗಿ ರಿಮ್ಮು ನೋಡಿದರು. ಮಗನ ಮುಖ ನೋಡಿದರು. ಆಮೇಲೆ ನನಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು.

“ಹಸ್ರೇ ಬೇಟಾ. ನಿಮ್ಮಬ್ಬಂಗೆ ಇದು ಬೂದಿ.”

“ಹಂಗಂದ್ರೆ?”

“ಅವ್ರಿಗೆ ಕೆಲವು ಬಣ್ಣ ಕಾಣ್ತಿರ್ಲಿಲ್ಲ. ಮದ್ವೆ ಆದ ಹೊಸದ್ರಲ್ಲಿ ಇಂಥದೇ ತಿಳಿ ಹಸ್ರು ಸೀರೆ ಉಟ್ಟಿದ್ದೆ. ಹೊಸ ಮದ್ವಣಗಿತ್ತಿಗೆ ಬೂದಿ ಬಣ್ಣದ ಸೀರೆ ಯಾರು ಕೊಡ್ಸಿದ್ರು ಅಂತ ಕೇಳಿದ್ರು. ಅವತ್ತೇ ಗೊತ್ತಾಗೋಯ್ತು.” ನನ್ನ ಕಡೆ ತಿರುಗಿದರು. “ವೈರಿನ ಬಣ್ಣ ಕಾಣ್ದೇ ಇರೋ ಮೆಕ್ಯಾನಿಕ್ ಹತ್ರ ಗಾಡಿ ಬಿಡೋರು ಯಾರಣ್ಣಾ? ಯಾರಿಗೂ ಹೇಳ್ಬ್ಯಾಡ ಅಂದಿದ್ರು. ಹೇಳ್ಲಿಲ್ಲ.”

ಮೇಸ್ತ್ರಿ ಅಲ್ಲೇ ಟೈರಿನ ಮೇಲೆ ಕುಳಿತ. “ಚಿಕ್ಕೋನಿದ್ದಾಗ ನನ್ ಮುಂದೆ ವೈರು ಹರಡಿ, ಇದ್ಯಾವ ಬಣ್ಣ ಹೇಳು, ಅದ್ಯಾವ ಬಣ್ಣ ಹೇಳು ಅಂತ ದಿನಾ ಕೇಳೋರು. ಪಾಠ ಹೇಳ್ಕೊಡ್ತಾವ್ರೆ ಅಂದ್ಕೊಂಡಿದ್ದೆ ಯಜಮಾನ್ರೇ!”

ಒಮ್ಮೆ ನನ್ನ ಕೆಂಪು ಶಾಲು ನೋಡಿ, “ಕಂದು ಬಣ್ಣ ನಿಮಗೆ ಒಪ್ಪುತ್ತದೆ” ಎಂದಿದ್ದರು ಆ ಮನುಷ್ಯ. ತಮಾಷೆ ಎಂದು ನಾನು ಬಿದ್ದುಬಿದ್ದು ನಕ್ಕಿದ್ದೆ. ಅಷ್ಟು ವರ್ಷ ಎದುರಿಗೇ ನಿಂತು, ನನ್ನ ಕಣ್ಣಿಗೂ ಮಣ್ಣೆರಚಿದವರು ಅವರೊಬ್ಬರೇ. ಅದೂ ನನ್ನಂತೆ ಮಜಕ್ಕಾಗಿ ಅಲ್ಲ, ಹೊಟ್ಟೆಪಾಡಿಗಾಗಿ.

ತಾಯಿ ಒಳಗೆ ಹೋದರು. ಮೇಸ್ತ್ರಿ ಎದ್ದು ಗೋಣಿಚೀಲದ ಹತ್ತಿರ ಬಂದು ಒಂದು ವಾಲ್ವನ್ನು ಕೈಗೆತ್ತಿಕೊಂಡ. “ಇದ್ರ ಸಂದು ಬೆರಳಲ್ಲಿ ನೋಡೋದು. ಇದುಕ್ಕೆ ಬಣ್ಣ ಬೇಕಿಲ್ಲ” ಎಂದು ತನಗೇ ಹೇಳಿಕೊಂಡ. ನಾಲ್ಕು ದಿನ ಹಿಡಿಯಿತು. ತಂದೆ ಹೇಳಿದ ಅಳತೆಗೇ ಎಲ್ಲವನ್ನೂ ಮತ್ತೆ ಕೂರಿಸಿದ. ಬೀಗದ ಕೈ ತಿರುಗಿಸಿದಾಗ ಇಂಜಿನ್ ಒಂದೇ ಏಟಿಗೆ ಶುರುವಾಯಿತು.

ಕೊನೆಗೆ ರಿಮ್ಮು. ಅವನು ತಿಪಟೂರಿನಿಂದ ತಂದದ್ದು ತಿಳಿ ಹಸಿರು, ಹೊಳಪಿಲ್ಲದ್ದು. ಆ ಗೇಣುದ್ದ ಜಾಗದ ಪಕ್ಕದಲ್ಲಿ ಹಿಡಿದು ಮೂರು ಸಲ ಬೆರೆಸಿ ಸರಿಮಾಡಿಕೊಂಡಿದ್ದ. ನನಗೆ ತಡೆಯಲಾಗಲಿಲ್ಲ.

“ಗಾಡಿ ನಂದು, ಹೇಳೋನು ನಾನು. ಕಂಪನಿ ಬಣ್ಣ ಹಾಳಾಗೋಗ್ಲಿ, ನಿಮ್ಮಬ್ಬಾ ಹೇಳಿದ್ ಬೂದೀನೇ ಹೊಡಿ. ಅವ್ರ ಮಾತು ಉಳೀಲಿ.”

ಮೇಸ್ತ್ರಿ ನನ್ನನ್ನೇ ನೋಡಿದ. ಇದೂ ಒಂದು ಕುಚೇಷ್ಟೆಯೇನೋ ಎಂಬ ಅನುಮಾನ ಅವನಿಗೆ. ಅಲ್ಲವೆಂದು ಗೊತ್ತಾದ ಮೇಲೆ ತಲೆಯಾಡಿಸಿದ.

“ಬೂದಿ ಹೊಡೆದ್ರೆ ಅದು ನಾನು ನೋಡೋ ಬೂದಿ ಆಯ್ತದೆ. ಅವ್ರು ನೋಡಿದ ಬೂದಿ ಇದು ಯಜಮಾನ್ರೇ. ಅಬ್ಬಾ ಈಗ ಎದ್ದು ಬಂದು ಈ ಹಸ್ರು ನೋಡಿದ್ರೆ, ‘ಸರಿಯಾಗಿ ಬೂದಿ ಹೊಡ್ದಿದೀಯ’ ಅಂತಾರೆ.”

ಅವನು ಡಬ್ಬದ ಮುಚ್ಚಳ ಎಬ್ಬಿಸಿ, ಒಂದು ಕಡ್ಡಿ ತೆಗೆದುಕೊಂಡು ಹಸಿರನ್ನು ತಳದಿಂದ ಕಲಕತೊಡಗಿದ.