ಅಂಗೈಯ ಮೇಲಿನ ಭತ್ತ

ಆ ಭಾನುವಾರ ನನ್ನ ಗಂಡ ದೇವದುರ್ಗದ ಕಡೆ ಭತ್ತ ನೋಡಲು ಹೊರಟಾಗ ನಾನೂ ಬೈಕಿನ ಹಿಂದೆ ಹತ್ತಿ ಕುಳಿತೆ. ಮನೆಯಲ್ಲಿ ಕೆಲಸ ಬೇಕಾದಷ್ಟಿತ್ತು. ಮಾಡಲು ಮನಸ್ಸಿರಲಿಲ್ಲ.

ಅವರು ಮಾನ್ವಿಯ ಒಂದು ಅಕ್ಕಿ ಮಿಲ್ಲಿಗೆ ಮಾಲು ನೋಡಿ ಬರುವ ಕೆಲಸದಲ್ಲಿದ್ದರು. ರೈತರು ಭತ್ತ ಒಣಹಾಕಿದ ಕಡೆ ಹೋಗಿ, ರಾಶಿಯೊಳಗೆ ಕೈ ತೂರಿಸಿ ಒಂದು ಹಿಡಿ ತೆಗೆಯುತ್ತಿದ್ದರು. ಅದನ್ನು ಎರಡು ಅಂಗೈಗಳ ನಡುವೆ ತಿಕ್ಕಿ, ಹೊಟ್ಟು ಊದಿ, ಎಡಗೈ ಮೇಲೆ ಹರಡಿಕೊಂಡು ಬಲಗೈಯಿಂದ ಫೋಟೋ ತೆಗೆಯುತ್ತಿದ್ದರು. ಒಂದು ರಾಶಿಗೆ ಮೂರು ಫೋಟೋ: ಭತ್ತದ್ದು, ಅಕ್ಕಿಯದು, ಹಲ್ಲಿನಿಂದ ಕಡಿದು ಮುರಿದ ಕಾಳಿನದು. ಮಾಲೀಕರು ಮಿಲ್ಲಿನಲ್ಲಿ ಕುಳಿತೇ ಅವನ್ನು ನೋಡಿ ಹೂಂ ಅಥವಾ ಊಹೂಂ ಅನ್ನುತ್ತಿದ್ದರು. ಬಿಳಿ ಹಾಳೆಯ ಮೇಲೆ ಇಟ್ಟು ತೆಗೆದರೆ ಅವರು ಒಪ್ಪುತ್ತಿರಲಿಲ್ಲ. ಹಾಳೆಯನ್ನು ನಂಬಲಾರೆ, ನಿನ್ನ ಕೈಯ ಬಣ್ಣ ನನಗೆ ಗೊತ್ತು, ಅದರ ಮೇಲೆ ಇಟ್ಟು ಕಳಿಸು ಅನ್ನುತ್ತಿದ್ದರಂತೆ.

ಆ ದಿನ ಕೆಲಸ ಬೇಗ ಮುಗಿಯಿತು. ದಾರಿಯಲ್ಲಿ ನನ್ನನ್ನು ಕಾಲುವೆಯ ದಂಡೆಯ ಮೇಲೆ, ಬೇವಿನ ಮರದ ಕೆಳಗೆ, ಒಬ್ಬ ರೈತನ ಟ್ರ್ಯಾಕ್ಟರಿನ ಮೇಲೂ ನಿಲ್ಲಿಸಿ ಫೋಟೋ ತೆಗೆದರು. ಯಾಕೆ ಅಷ್ಟು ಹುರುಪು ಬಂದಿತ್ತೋ ಗೊತ್ತಿಲ್ಲ. ಆಮೇಲೆ ಒಂದು ಗುಡಿಸಲು ಹೋಟೆಲಿನಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ತಿಂದೆವು. ಅಲ್ಲಿ ಅವರು ಮಾಲೀಕರೂ ರೈತರೂ ಚೌಕಾಸಿ ಮಾಡುವುದನ್ನು ಎರಡು ದನಿಯಲ್ಲಿ ಮಾಡಿ ತೋರಿಸಿದರು. ನಾನು ಅವರ ಫೋನು ಕಸಿದುಕೊಂಡು ವಿಡಿಯೋ ಮಾಡಿದೆ.

“ಇದು ಭತ್ತೇನಪಾ? ಹೊಲದಾಗಿನ ಮಣ್ಣ ತುಂಬಿಕೊಂಡು ಬಂದೀಯೇನು?” ಎಂದು ಮಾಲೀಕರ ದಪ್ಪ ದನಿ.

“ಮಣ್ಣಾದ್ರ ಮಣ್ಣಽ ರೀ, ಬಂಗಾರ ಬೆಳಿಯೋ ಮಣ್ಣ ಅದ. ಅದಕ್ಕ ರೇಟು ಬ್ಯಾರೆ ಆಗ್ತದ” ಎಂದು ರೈತನ ಸಣ್ಣ ದನಿ.

ನಗು ತಡೆಯಲಾಗದೆ ನನ್ನ ಕೈ ಅಲುಗಿತು. ಎರಡು ನಿಮಿಷದ ವಿಡಿಯೋ ಅದು. ಅವರು ಫೋಟೋ ತೆಗೆಯುವವರೇ ಹೊರತು ಎಂದೂ ವಿಡಿಯೋ ಮಾಡಿಸಿಕೊಂಡವರಲ್ಲ.

ಮರುದಿನ ಬೆಳಿಗ್ಗೆ ಮಿಲ್ಲಿನಲ್ಲಿ ಲಾರಿ ತೂಗುವ ಕಡೆ ನಿಂತಿದ್ದವರು ಹಾಗೆಯೇ ಕುಸಿದರು. ಹೃದಯ ನಿಂತಿತ್ತು. ಅಂಗಿಯ ಜೇಬಿನಲ್ಲಿದ್ದ ಫೋನು ಮೈ ಕೆಳಗೆ ಸಿಕ್ಕಿ ಒಡೆಯಿತು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಆ ವಿಡಿಯೋ ಕೇಳಬೇಕೆನಿಸಿತು. ಅವರ ಫೋಟೋಗಳು ಕ್ಲೌಡ್‌ಗೆ ಹೋಗುತ್ತಿದ್ದವು, ಅದೇ ಖಾತೆಯನ್ನು ನನ್ನ ಫೋನಿಗೂ ಹಾಕಿಕೊಟ್ಟಿದ್ದರು. ಹಾಗಾಗಿ ನಾಲ್ಕು ವರ್ಷದಿಂದ ನಾನು ಯಾವುದೋ ಮದುವೆಯ ಫೋಟೋ ಹುಡುಕಿದರೆ ಮೊದಲು ಸಿಗುತ್ತಿದ್ದುದು ಭತ್ತ. “ನಿಮ್ಮ ಮಿಲ್ಲಿನ ಭತ್ತೆಲ್ಲಾ ನನ್ನ ಫೋನಿನಾಗ ಒಣಗಾಕತ್ತದ್ರೀ” ಎಂದರೆ, “ಮಳಿ ಬಂದ್ರ ತಾಡಪತ್ರಿ ಹೊಚ್ಚು” ಅನ್ನುತ್ತಿದ್ದರು.

ಈಗ ತೆರೆದು ನೋಡಿದರೆ ಆ ಭಾನುವಾರವೇ ಇರಲಿಲ್ಲ. ಕೊನೆಗೆ ಬಂದಿದ್ದು ಅದಕ್ಕೂ ಹತ್ತು ದಿನ ಹಿಂದಿನ ಭತ್ತ.

ಒಡೆದ ಫೋನನ್ನು ಮಾನ್ವಿಯ ರಿಪೇರಿ ಅಂಗಡಿಗೆ ಒಯ್ದೆ. ಚಾರ್ಜಿಗೆ ಹಾಕಿದರೆ ಪರದೆಯ ಮೇಲ್ಭಾಗದಲ್ಲಿ ಒಂದು ಪಟ್ಟಿಯಷ್ಟೇ ಬೆಳಗುತ್ತಿತ್ತು. ಎಲ್ಲಿ ಮುಟ್ಟಿದರೂ ಕೇಳುತ್ತಿರಲಿಲ್ಲ. ಪರದೆ ಹೈದರಾಬಾದಿನಿಂದ ತರಿಸಬೇಕು, ಎರಡು ವಾರ ಬೇಕು, ಒಳಗೂ ಪೆಟ್ಟಾಗಿದೆ, ಅಲ್ಲಿಯವರೆಗೆ ಇದು ಬದುಕಿರುತ್ತದೆ ಎಂದು ಹೇಳಲಾರೆ ಎಂದ ಅಂಗಡಿಯವನು. ನಂತರ ಒಂದು ದಾರಿಯನ್ನೂ ಹೇಳಿದ. ಫೋನಿಗೆ ಗೊತ್ತಿರುವ ವೈಫೈ ಎಲ್ಲಾದರೂ ಇದ್ದರೆ ಅಲ್ಲಿಟ್ಟು ನೋಡಿ, ಮುಟ್ಟದಿದ್ದರೂ ತಾನಾಗಿಯೇ ಕಳಿಸಬಹುದು.

ಅದಕ್ಕೆ ಗೊತ್ತಿದ್ದ ವೈಫೈ ಒಂದೇ, ರಾಯಚೂರಿನಲ್ಲಿ ಅವರ ಅಕ್ಕನ ಮನೆಯದು. ಮೊಬೈಲ್ ಡೇಟಾ ಖರ್ಚಾಗುತ್ತದೆಂದು ಅವರು ಫೋಟೋಗಳನ್ನು ಕ್ಲೌಡ್‌ಗೆ ಕಳಿಸುತ್ತಿದ್ದುದು ಅಲ್ಲಿಂದ ಮಾತ್ರ. ತಿಂಗಳಿಗೆ ಎರಡು ಸಲ ರಾಯಚೂರಿಗೆ ಹೋದಾಗ ಫೋನನ್ನು ಟಿವಿಯ ಪಕ್ಕ ಇಟ್ಟು, ಉಂಡು, ಮಲಗಿ ಎದ್ದು ಬರುತ್ತಿದ್ದರು. ತಮ್ಮ ನನ್ನನ್ನು ನೋಡಲು ಬರುವುದಿಲ್ಲ, ಭತ್ತ ಇಳಿಸಲು ಬರುತ್ತಾನೆ ಎಂದು ಅಕ್ಕ ಎಲ್ಲರಿಗೂ ಹೇಳುತ್ತಿದ್ದಳು. ಅವಳು ಅಂಗನವಾಡಿಯಲ್ಲಿ ಕಲಿಸಿ ನಿವೃತ್ತಳಾದವಳು. ಬಾಯಿ ಇನ್ನೂ ನಿವೃತ್ತವಾಗಿಲ್ಲ.

ಬೆಳಗಿನ ಬಸ್ಸಿಗೆ ಹೋದೆ. ಫೋನನ್ನು ಅದರ ಹಳೆಯ ಜಾಗದಲ್ಲಿಟ್ಟು ಚಾರ್ಜರ್ ಸಿಕ್ಕಿಸಿದೆವು. ಸ್ವಲ್ಪ ಹೊತ್ತಿಗೆ ಮೇಲಿನ ಪಟ್ಟಿಯಲ್ಲಿ ಅಕ್ಷರ ಮೂಡಿತು: ಜಾಗ ತುಂಬಿದೆ, ನಲವತ್ಮೂರು ಬಾಕಿ ಇವೆ. ಕ್ಲೌಡ್‌ನಲ್ಲಿ ಪುಕ್ಕಟೆ ಕೊಡುವ ಜಾಗವನ್ನೆಲ್ಲ ಭತ್ತವೇ ಹಿಡಿದಿತ್ತು. ನಾನು, ಬೇವಿನ ಮರ, ಟ್ರ್ಯಾಕ್ಟರು, ಅವರ ದನಿ ಎಲ್ಲವೂ ಬಾಗಿಲ ಹೊರಗೆ ಸರತಿಯಲ್ಲಿ ನಿಂತಿದ್ದವು.

ಜಾಗವನ್ನು ನನ್ನ ಫೋನಿನಿಂದ ತೆರವು ಮಾಡಬಹುದಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಪಕ್ಕ ಕುಳಿತಳು. ಮೊದಮೊದಲು ಭರಭರನೆ ಅಳಿಸಿದೆವು. ಆಮೇಲೆ ಒಂದು ಫೋಟೋದಲ್ಲಿ ಅವಳ ಬೆರಳು ನಿಂತಿತು. ಅಕ್ಕಿಕಾಳುಗಳ ಕೆಳಗೆ, ಅಂಗೈಯ ಮೇಲೆ ಪೆನ್ನಿನ ಅಕ್ಷರಗಳಿದ್ದವು: ಹುಣಸೆಹಣ್ಣು, ಬಟ್ಟೆ ಸಬಕಾರ, ಕೊಬ್ಬರಿ ಎಣ್ಣೆ. ನಾನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಅವರು ಕೈ ಮೇಲೆ ಬರೆದುಕೊಳ್ಳುತ್ತಿದ್ದರು, ಅದೇ ಕೈಯ ಮೇಲೆ ಮಾಲು ಇಟ್ಟು ಕಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಯಾವಾಗ ಏನು ಮುಗಿಯಿತೆಂಬುದು ಮಿಲ್ಲಿನ ಮಾಲೀಕರಿಗೆ ನಾಲ್ಕು ವರ್ಷದಿಂದ ಗೊತ್ತಿತ್ತು. ಅಕ್ಕ ಮುಂದಿನದನ್ನು ಓದಿದಳು, ಅದರ ಮುಂದಿನದನ್ನೂ ಓದಿದಳು. ಸಬಕಾರ ಇಷ್ಟು ಸಲ ಬಂದಿದೆಯಲ್ಲ, ಉಂಡು ಮುಗಿಸುತ್ತಿದ್ದಿಯೇನು ಎಂದು ಕೇಳಿದಳು. ಅವರು ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ಮತ್ತೊಂದರಲ್ಲಿ ಭತ್ತದ ಮೇಲೆ ಒಂದು ಸಣ್ಣ ಕಪ್ಪೆ ಕುಳಿತಿತ್ತು. ಅದರ ಕಥೆ ನನಗೆ ಗೊತ್ತಿತ್ತು. ಗಿಲ್ಲೆಸುಗೂರಿನ ಹತ್ತಿರ ಒಬ್ಬ ರೈತ ತನ್ನ ಮಾಲು ಪೂರ್ತಿ ಒಣಗಿದೆ ಎಂದು ಆಣೆ ಮಾಡುತ್ತಿದ್ದಾಗ ರಾಶಿಯೊಳಗಿಂದ ಇದು ಇವರ ಕೈಗೆ ಬಂದಿತ್ತು. ಇವರು ಮಾತಾಡದೆ ಫೋಟೋ ತೆಗೆದು ಮಿಲ್ಲಿಗೆ ಕಳಿಸಿದ್ದರು. ರೈತನೂ ನಕ್ಕು, ಎರಡು ಬಿಸಿಲು ಕೊಡುತ್ತೇನೆ, ನಾಡಿದ್ದು ಬನ್ನಿ ಎಂದಿದ್ದನಂತೆ. ಕಪ್ಪೆಯನ್ನು ಅಳಿಸಬೇಡ ಎಂದಳು ಅಕ್ಕ.

ಹೀಗೆ ನನ್ನ ವೇಗ ಕಡಿಮೆಯಾಯಿತು. ಸೈಲೆನ್ಸರ್ ತಾಗಿ ಬೊಬ್ಬೆ ಎದ್ದ ಕೈ, ಹೋಳಿಯ ಮರುದಿನದ ಗುಲಾಬಿ ಕೈ, ಜ್ವರದಿಂದ ಎದ್ದು ಹೋದ ವಾರದ ಸೊರಗಿದ ಕೈ. ಇಷ್ಟು ವರ್ಷ ನಾನು ಭತ್ತವೆಂದು ಸರಿಸಿದ್ದು ಇವನ್ನೇ. ಒಂದನ್ನು ಅಳಿಸಲು ಹೋಗಿ ಕೈ ಹಿಂದೆ ತೆಗೆದೆ.

“ಒಂದು ರಾಶಿಗೆ ಒಂದು ಕೈ ಇಟ್ಟುಕೋ ಬೇ, ಉಳಿದ ಎರಡು ತೆಗಿ” ಎಂದಳು ಅಕ್ಕ ಕೊನೆಗೆ. “ಕೈ ನಿನ್ನ ಹಂತೇಕ ಸಾವಿರ ಅದಾವ. ನನಗ ಅವನ ಮಾತು ಕೇಳಬೇಕಾಗ್ಯದ.”

ಕಪ್ಪೆಯದೊಂದನ್ನು ಬಿಟ್ಟು ಭತ್ತದ, ಕಡಿದ ಕಾಳಿನ ಫೋಟೋಗಳನ್ನೆಲ್ಲ ಅಳಿಸಿದೆವು. ಆದರೂ ಜಾಗ ತುಂಬಿದೆ ಎಂದೇ ತೋರಿಸುತ್ತಿತ್ತು. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಇರುತ್ತದೆ, ಅದನ್ನೂ ಖಾಲಿ ಮಾಡಬೇಕು ಎಂದು ತಿಳಿಯಲು ಅರ್ಧ ಗಂಟೆ ಹಿಡಿಯಿತು. ನಮ್ಮ ಓಣಿಯ ಕಸದ ಗಾಡಿಯೂ ಹೀಗೇ ಎಂದಳು ಅಕ್ಕ.

ಬುಟ್ಟಿ ಖಾಲಿಯಾದ ಕೂಡಲೇ ಪಟ್ಟಿಯಲ್ಲಿ ನಲವತ್ಮೂರು ಹೋಗಿ ನಲವತ್ತೆರಡು ಬಂತು. ನನ್ನ ಫೋನಿನಲ್ಲಿ ನಾನು ಟ್ರ್ಯಾಕ್ಟರಿನ ಮೇಲೆ ಕಾಣಿಸಿಕೊಂಡೆ. ಅಕ್ಕ ಚಪ್ಪಾಳೆ ತಟ್ಟಿದಳು. ಇಪ್ಪತ್ತಕ್ಕೆ ಬಂದಾಗ ಕರೆಂಟ್ ಹೋಯಿತು. ರೊಟ್ಟಿ, ಪುಂಡಿಪಲ್ಯ ಉಂಡು ಮುಗಿಸುವ ಹೊತ್ತಿಗೆ ಬಂತು. ಫೋನು ಸುಡುತ್ತಿತ್ತು, ಅಕ್ಕ ಬೀಸಣಿಗೆಯಿಂದ ಅದಕ್ಕೆ ಗಾಳಿ ಹಾಕಿದಳು. ಎದುರು ಮನೆಯವಳು ಬಂದು ಯಾರಿಗೆ ಹುಷಾರಿಲ್ಲ ಎಂದು ಕೇಳಿದಳು.

ನಾಲ್ಕು ಗಂಟೆಗೆ ಒಂದು ಬಾಕಿ ಎಂದು ತೋರಿಸಿತು. ಉಳಿದದ್ದು ವಿಡಿಯೋ. ಅದು ದೊಡ್ಡದು, ನಿಧಾನ ಎಂದುಕೊಂಡು ಕಾದೆವು. ಐದಕ್ಕೂ ಒಂದು ಬಾಕಿ. ಐದೂವರೆಗೆ ಅಕ್ಕ ಚಹಾ ತಂದು ಕೆಳಗಿಡುವಾಗ ಪಟ್ಟಿಯ ಬೆಳಕು ಆರಿತು. ಬೇರೆ ಚಾರ್ಜರ್ ಹಾಕಿದೆವು. ಬೆಳಗಲಿಲ್ಲ. ಹೈದರಾಬಾದಿನ ಪರದೆ ಬಂದಾಗ ಅಂಗಡಿಯವನು ಅದನ್ನು ಜೋಡಿಸಿ ಎರಡು ದಿನ ಪ್ರಯತ್ನಿಸಿದ. ಒಳಗಿನ ಬೋರ್ಡೇ ಹೋಗಿದೆ ಎಂದು ಹೇಳಿ, ಏನೂ ತೆಗೆದುಕೊಳ್ಳದೆ ಫೋನು ವಾಪಸು ಕೊಟ್ಟ.

ಆ ಭಾನುವಾರದ ಫೋಟೋಗಳೆಲ್ಲ ಬಂದಿವೆ. ಅಕ್ಕ ಎರಡನ್ನು ಪ್ರಿಂಟ್ ಹಾಕಿಸಿ ಗೋಡೆಗೆ ಹಾಕಿದ್ದಾಳೆ. ವಿಡಿಯೋ ಬಂದಿಲ್ಲ. ಅವರು ಮಾತಾಡಿದ್ದು ನಮ್ಮಿಬ್ಬರ ಹತ್ತಿರ ಎಲ್ಲಿಯೂ ಇಲ್ಲ.