ನನ್ನ ಕಾದಂಬರಿಯ ಹುಡುಗಿ ಭಾಷಣ ಬಿಟ್ಟದ್ದು

ಹುಮನಾಬಾದಿನಲ್ಲಿ ಬಸ್ ಹತ್ತಿ ಕೂತೆ. ಪಕ್ಕದ ಹುಡುಗಿ ಓದುತ್ತಿದ್ದದ್ದು ನನ್ನದೇ ಕಾದಂಬರಿ!

ಮಾತಾಡಲು ನಾಚುವ ಹೈಸ್ಕೂಲ್ ಹುಡುಗಿಯೊಬ್ಬಳ ಕಥೆ ಅದು. ಕೊನೆಯ ಅಧ್ಯಾಯದಲ್ಲಿ ಅವಳು ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ ಮೈಕ್ ಹಿಡಿದು ಭಾಷಣ ಮಾಡುತ್ತಾಳೆ. ಇಡೀ ಊರು ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ.

ಬರೆದ ನಾನು ಮಾತ್ರ ಇಳಿಯುವ ಜಾಗ ಬಂದರೂ ಕಂಡಕ್ಟರನ್ನು ಕೂಗಲಾರದೆ, ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆಯುವವಳು...

ಅವತ್ತು ಹೊರಟಿದ್ದು ಬಸವಕಲ್ಯಾಣದ ಒಂದು ಕಾಲೇಜಿಗೆ. ವಿಷಯ, ಸಂಕೋಚ ಗೆಲ್ಲುವ ಬಗೆ. ಮುಖ್ಯ ಅತಿಥಿ ನಾನು.

ಹುಡುಗಿಯ ಆಚೆ ಅವಳ ಅವ್ವ ಕೂತಿದ್ದರು. ಘಾಟಬೋರಾಳದವರು, ತಂಗಿಯ ಮನೆಗೆ ಹೊರಟಿದ್ದರು. ಇಷ್ಟನ್ನೂ ನಾನು ಕೇಳದೆಯೇ ಹೇಳಿದರು.

"ನೋಡ್ರಿ ಅಕ್ಕಾ, ಮೊದಲೇ ಇಕಿ ಯಾರ ಜೋಡಿನೂ ಮಾತಾಡಂಗಿಲ್ಲ. ಈಗ ಹಗಲೆಲ್ಲಾ ಇದನ್ನೇ ಓದಾಕತ್ತಾಳ. ಇದನ್ನ ಓದಿದ್ರ ಬಾಯಿ ಬರ್ತದೇನ್ರಿ?"

ನಾನೇ ಬರೆದದ್ದು ಎಂದು ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು, "ಬರಂಗಿಲ್ಲ ಅನಸ್ತದರಿ."

"ಕೇಳಿದೇನು? ಸಾಲಿ ಕಲ್ತವರೇ ಹೇಳಾಕತ್ತಾರ!" ಅವ್ವನಿಗೆ ಉತ್ಸಾಹ ಬಂತು. "ಇದನ್ನ ಬರದಾಕಿಗೆ ಬ್ಯಾರೆ ಕೆಲಸ ಇದ್ದಿಲ್ಲೇನ್ರಿ?"

"ಇರ್ಲಿಕ್ಕಿಲ್ರಿ" ಎಂದೆ.

ಎಂಥದಿದೆ ನೋಡೋಣವೆಂದು ಅವ್ವ ಪುಸ್ತಕಕ್ಕೆ ಕೈ ಚಾಚಿದರು. ಹುಡುಗಿ ಕೊಡಲಿಲ್ಲ. ಅಂಗೈಯನ್ನು ಪುಸ್ತಕದ ಹಿಂಬದಿಗೆ ಒತ್ತಿ ಹಿಡಿದಳು.

ನನ್ನ ಫೋಟೊ ಇರುವುದು ಅಲ್ಲೇ.

ಅವಳಿಗೆ ನಾನು ಯಾರೆಂದು ಗೊತ್ತಿತ್ತು! ಇಷ್ಟು ಹೊತ್ತೂ ಸುಮ್ಮನಿದ್ದು ನನ್ನ ಮಾನ ಕಾಯುತ್ತಿದ್ದಳು.

ಬಸವಕಲ್ಯಾಣದಲ್ಲಿ ಇಳಿದೆವು. ಅವ್ವ ಆಟೊದವನ ಜೊತೆ ಚೌಕಾಸಿಗೆ ನಿಂತರು. ಹುಡುಗಿ ನನ್ನ ಹತ್ತಿರ ಬಂದಳು, ಕಣ್ಣು ನೆಲದ ಮೇಲೆ.

"ಆಕಿ ಭಾಷಣ ಮಾಡಬಾರದಿತ್ರಿ."

"ಮತ್ತೇನು ಮಾಡಬೇಕಿತ್ತು?"

"ಹಂಗೇ ಇರಬೇಕಿತ್ತು. ಎಲ್ಲಾರೂ ನಮಗ ಮಾತಾಡು, ಮಾತಾಡು ಅಂತಾರ್ರಿ. ಪುಸ್ತಕದಾಗರೆ ಸುಮ್ಮನ ಬಿಡಬೇಕಿತ್ತು."

ಅಷ್ಟು ಹೇಳಿ ಆಟೊ ಹತ್ತಿಬಿಟ್ಟಳು. ಹೆಸರು ಕೇಳಲೂ ನನಗೆ ಬಾಯಿ ಬರಲಿಲ್ಲ.

ಕಾಲೇಜಿನಲ್ಲಿ ನನ್ನನ್ನು "ಸಂಕೋಚವನ್ನು ಗೆದ್ದ ಲೇಖಕಿ" ಎಂದು ಪರಿಚಯಿಸಿದರು. ನಾನು ಎದ್ದು, "ಇನ್ನೂ ಗೆದ್ದಿಲ್ಲ, ಗೆಲ್ಲಲೇಬೇಕಾ ಅಂತಾನೂ ಗೊತ್ತಿಲ್ಲ" ಎಂದು ಕೂತೆ.

ಪ್ರಿನ್ಸಿಪಾಲರು ಮೈಕಿಗೆ ಬಂದು, "ಎಂಥಾ ವಿನಯ ನೋಡ್ರಿ!" ಎಂದರು. ಶಾಲು ಹೊದಿಸಿದರು.

ಆಮೇಲೆ ಭಾಷಣ ಸ್ಪರ್ಧೆ. ನನ್ನ ಕಾದಂಬರಿಯ ಆ ಭಾಷಣವನ್ನೇ ಬಾಯಿಪಾಠ ಹೊಡೆದು, ಕೈ ಬೀಸಿ ಬೀಸಿ ಒಪ್ಪಿಸಿದ ಹುಡುಗನಿಗೆ ಫಸ್ಟ್ ಪ್ರೈಜ್. ಕೊಟ್ಟವಳು ನಾನೇ.

ಮನೆಗೆ ಬಂದು ಎಷ್ಟೋ ದಿನ ಆ ಕೊನೆಯ ಅಧ್ಯಾಯ ತೆರೆಯಲಿಲ್ಲ. ತೆರೆದಾಗ ಓದಲಾಗಲಿಲ್ಲ... ನನ್ನಿಂದ ಆಗದ್ದನ್ನೆಲ್ಲ ಕಾದಂಬರಿಯ ಆ ಮಗುವಿನ ಕೈಲಿ ಮಾಡಿಸಿದ್ದೆ.

ಎರಡನೇ ಮುದ್ರಣದ ಮಾತು ಬಂದಾಗ ಪ್ರಕಾಶಕರಿಗೆ ಫೋನ್ ಮಾಡಿ, ಕೊನೆ ಬದಲಿಸುತ್ತೇನೆ ಎಂದೆ.

"ಮೇಡಂ, ಆ ಭಾಷಣ ಅದ ಅಂತಾನೇ ಸಾಲಿಯವರು ತಗೊಳ್ಳಾಕತ್ತಾರ್ರಿ. ಇರ್ಲಿ ಬಿಡ್ರಿ."

"ಇರಬಾರದು" ಎಂದೆ. ಎಷ್ಟು ಜೋರಾಗಿ ಎಂದರೆ, ಅಡುಗೆಮನೆಯಿಂದ ಯಜಮಾನರು ಓಡಿ ಬಂದರು. ಜೀವನದಲ್ಲಿ ಮೊದಲ ಸಲ ಜಗಳ ಮಾಡಿದೆ... ಒಬ್ಬಳು ಸುಮ್ಮನಿರಲಿ ಎಂದು.

ಹೊಸ ಮುದ್ರಣ ಬಂದಿದೆ. ಅದರಲ್ಲಿ ಭಾಷಣವಿಲ್ಲ. ಶಾಲೆಗಳ ಆರ್ಡರೂ ಇಲ್ಲ.

ನಿಮ್ಮ ಮನೆಯಲ್ಲಿ ಮಾತು ಕಡಿಮೆಯ ಮಗು ಇದ್ದರೆ ಈ ಪುಸ್ತಕ ಕೊಡುತ್ತೀರಾ, ಇಲ್ಲ ಹಳೆಯ ಮುದ್ರಣವನ್ನೇ ಹುಡುಕುತ್ತೀರಾ?